ಗಟ್ಟಿಮೇಳದಲ್ಲಿ ಮುಳುಗಿದ ಮಾತು

ಏಕಾಂತಯ್ಯ ಗುಬ್ಬಿ ಕಡೆಯವನು. ಇಪ್ಪತ್ತನೇ ವಯಸ್ಸಿಗೆ ಬೆಂಗಳೂರಿಗೆ ಬಂದು, ಜಯನಗರದ ಒಂದು ಫೋಟೋ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವ ಕೆಲಸಕ್ಕೆ ಸೇರಿಕೊಂಡ. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಗಂಡಿನ ಕಡೆಯವರಿಗೆ ಕಳಿಸುವ ಫೋಟೋಗಳಲ್ಲಿನ ಹುಡುಗಿಯರ ಮೊಡವೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಮುಚ್ಚುವುದು ಅವನ ಕೆಲಸ. ಹತ್ತು ವರ್ಷ ಹೀಗೆ ಮುಖಗಳ ಮೇಲೆ ಬಗ್ಗಿ ಕೂತು ಅವನ ಬೆನ್ನು ಕುಡುಗೋಲಿನಂತೆ ಬಾಗಿತ್ತು. ಆ ಮುಖಗಳಲ್ಲಿ ಒಂದಾದರೂ ಕಣ್ಣು ಮಿಟುಕಿಸಿದ್ದನ್ನು ಅವನು ಕಂಡಿರಲಿಲ್ಲ.

ಎಪ್ಪತ್ತೆರಡರಲ್ಲಿ, ಜಯನಗರದಲ್ಲಿ ಬಾಡಿಗೆಗಿದ್ದ ವಿದೇಶಿ ಎಂಜಿನಿಯರ್ ಒಬ್ಬ ಊರು ಬಿಡುವಾಗ ತನ್ನ ಸಣ್ಣ ಸಿನಿಮಾ ಕ್ಯಾಮೆರಾ, ಪ್ರೊಜೆಕ್ಟರ್ ಎರಡನ್ನೂ ಮಾರಲು ಸ್ಟುಡಿಯೋಗೆ ತಂದ. ಮಾಲೀಕರಿಗೆ ಬೇಡವಾಯಿತು. ಏಕಾಂತಯ್ಯ ಕ್ಯಾಮೆರಾವನ್ನು ಕೈಗೆತ್ತಿಕೊಂಡು ನೋಡಿದ. ಗೋಡೆ ಗಡಿಯಾರದಂತೆ ಕೀಲಿ ಕೊಟ್ಟರೆ ಅರ್ಧ ನಿಮಿಷ ಗರ್ರೆಂದು ಓಡುತ್ತಿತ್ತು. ಎರಡನ್ನೂ ಕೊಂಡು ಮನೆಗೆ ತಂದಾಗ ಹೆಂಡತಿ ನೀಲಗಂಗಮ್ಮ, "ಮನೇಲಿ ಫ್ಯಾನ್ ಇಲ್ಲ, ಸಿನಿಮಾ ತೆಗಿಯಕ್ಕೆ ಹೊರಟ್ರು" ಅಂದಳು. ಅಂದರೂ ತನ್ನ ಹಳೇ ಸೀರೆಯೊಂದನ್ನು ಹರಿದು ಕ್ಯಾಮೆರಾಕ್ಕೊಂದು ಚೀಲ ಹೊಲಿದುಕೊಟ್ಟಳು.

ಮೊದಲ ರೀಲು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಅಂಚೆಯಲ್ಲಿ ವಾಪಸ್ಸು ಬಂದದ್ದು ಇಪ್ಪತ್ತೈದು ದಿನಕ್ಕೆ. ಊರಿನಲ್ಲಿ ನಡೆದ ತಂಗಿಯ ಮದುವೆ ಅದು. ಗೋಡೆಯ ಮೇಲೆ ಬಿಟ್ಟಾಗ, ಚಪ್ಪರಕ್ಕೆ ಕಟ್ಟಿದ್ದ ಮಾವಿನೆಲೆ ಗಾಳಿಗೆ ಅಲ್ಲಾಡಿತು. ಅಷ್ಟೇ. ಏಕಾಂತಯ್ಯನ ಮೈ ಜುಮ್ಮೆಂದಿತು. ತಂಗಿ ತಲೆಯೆತ್ತಿದಳು, ಮೂಗುತಿ ಹೊಳೆಯಿತು, ರೆಪ್ಪೆ ಬಡಿಯಿತು. ಹತ್ತು ವರ್ಷದಿಂದ ಬಿಗಿಹಿಡಿದ ಉಸಿರನ್ನು ಜಗತ್ತು ಈಗ ಬಿಟ್ಟಹಾಗಿತ್ತು.

ಅಲ್ಲಿಂದ ಅವನು ಮದುವೆಗಳ ಬೆನ್ನು ಹತ್ತಿದ. ಒಂದು ಸುರುಳಿಗೆ ನಾಲ್ಕು ನಿಮಿಷ. ಒಂದು ಮದುವೆಗೆ ನಾಲ್ಕು ಸುರುಳಿ. ಎರಡು ದಿನದ ಸಂಭ್ರಮ ಹದಿನಾರು ನಿಮಿಷದಲ್ಲಿ ಹಿಡಿಸಬೇಕು. ಯಾವ ಶಾಸ್ತ್ರ ಯಾವಾಗ, ಪುರೋಹಿತರು ಯಾವ ಮಂತ್ರಕ್ಕೆ ಕೈಯೆತ್ತುತ್ತಾರೆ, ತೆರೆ ಯಾವ ಗಳಿಗೆಯಲ್ಲಿ ಇಳಿಯುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠವಾಯಿತು. ಜಯನಗರ, ಬನಶಂಕರಿ, ತಿಲಕನಗರ, ಕಡೆಗೆ ಸುತ್ತಲ ಹಳ್ಳಿಗಳಲ್ಲೂ "ಕ್ಯಾಮೆರಾ ಅಯ್ನೋರು" ಎಂದರೆ ಗುರುತು ಹಿಡಿಯುವಂತಾದ. ಒಂದೇ ಒಂದು ಕೊರಗು. ಅವನ ಸಿನಿಮಾಕ್ಕೆ ಬಾಯಿಲ್ಲ. ಜನ ಗೋಡೆಯ ಮೇಲೆ ತುಟಿಯಾಡಿಸುತ್ತಿದ್ದರು, ನಗುತ್ತಿದ್ದರು, ಜಗಳವಾಡುತ್ತಿದ್ದರು. ಕೇಳಿಸುತ್ತಿದ್ದುದು ಪ್ರೊಜೆಕ್ಟರಿನ ಟರ್ರೆನ್ನುವ ಸದ್ದು ಮಾತ್ರ.

ಎಪ್ಪತ್ತೆಂಟರ ವೈಶಾಖದಲ್ಲಿ ಸುದ್ದಗುಂಟೆಪಾಳ್ಯದ ಮುನಿಯಣ್ಣ ತನ್ನ ಮಗಳು ನಾಗಲಕ್ಷ್ಮಿಯ ಮದುವೆಗೆ ಅವನನ್ನು ಕರೆದ. ಮುನಿಯಣ್ಣನದು ತರಕಾರಿ ಬೇಸಾಯ. ಗಂಡು ಉತ್ತರಹಳ್ಳಿಯ ಚಲುವರಾಜು. ಮನೆಯ ಮುಂದೆಯೇ ಚಪ್ಪರ ಹಾಕಿದ್ದರು. ಒಳಗೆ ತಂಪೋ ತಂಪು, ಆದರೆ ಕತ್ತಲು. ಆ ಕಾಲದ ಫಿಲ್ಮಿಗೆ ಬಿಸಿಲೇ ಬೇಕು. ಏಕಾಂತಯ್ಯ ಪಂಚೆ ಎತ್ತಿಕಟ್ಟಿ, ಏಣಿ ಹತ್ತಿ, ಧಾರೆಮಂಟಪದ ನೇರಕ್ಕೆ ಪೂರ್ವದ ಕಡೆಯ ನಾಲ್ಕು ತೆಂಗಿನ ಗರಿ ಸರಿಸತೊಡಗಿದ.

"ಅಯ್ನೋರೆ, ಕಟ್ಟಿದ ಚಪ್ಪರಕ್ಕೇ ತೂತು ಹಾಕ್ತಾ ಇದೀರಲ್ಲ!" ಮುನಿಯಣ್ಣ ಗಾಬರಿಯಿಂದ ಕೂಗಿದ.

ಅವನ ಅಪ್ಪ ಚಿನ್ನಪ್ಪ, ಎಂಬತ್ತರ ಆಸುಪಾಸಿನ ಮುದುಕ, ಜಗುಲಿಯ ಮೇಲೆ ಕೂತಲ್ಲಿಂದಲೇ ನಕ್ಕ. "ಹಾಕ್ಲಿ ಬಿಡ್ಲಾ ಮುನಿಯ. ಸೂರ್ಯದೇವ್ರೂ ಮದುವೆ ನೋಡ್ಲಿ."

ಧಾರೆಯ ಹೊತ್ತಿಗೆ ಸರಿಯಾಗಿ ಆ ತೂತಿನಿಂದ ಬಿಸಿಲಿನ ಕೋಲೊಂದು ಇಳಿದು ಹೆಣ್ಣುಗಂಡಿನ ಮೇಲೆ ಬಿತ್ತು. ಹಾಲೆರೆಯಲು ಮೊದಲು ಬಂದವನು ಚಿನ್ನಪ್ಪ. ಅವನು ಮೊಮ್ಮಗಳ ಕಡೆ ಬಗ್ಗಿ, ಕಿವಿಯ ಹತ್ತಿರ ಏನೋ ಹೇಳಿದ. ವಾಲಗದವರು ಪಕ್ಕದಲ್ಲೇ ನಿಂತು ಡೋಲು ಹರಿದುಹೋಗುವಂತೆ ಬಾರಿಸುತ್ತಿದ್ದರು. ಏಕಾಂತಯ್ಯ ಮುದುಕನ ಮುಖದ ಹತ್ತಿರ ಹೋಗಿ ಕ್ಯಾಮೆರಾ ಓಡಿಸಿದ. ಹೇಳಿ ಮುಗಿಸುವುದಕ್ಕೂ ಕೀಲಿ ಮುಗಿಯುವುದಕ್ಕೂ ಸರಿಹೋಯಿತು.

ಮದುವೆಯಾದ ಹನ್ನೆರಡನೇ ದಿನ ಚಿನ್ನಪ್ಪ ಹಸುವಿಗೆ ಹುಲ್ಲು ಹಾಕಿಬಂದು ಜಗುಲಿಯ ಮೇಲೆ ಒರಗಿಕೊಂಡವನು ಮತ್ತೆ ಏಳಲಿಲ್ಲ. ರೀಲುಗಳು ಬೊಂಬಾಯಿಯಿಂದ ಬಂದದ್ದು ಅವನ ತಿಥಿಯೂ ಮುಗಿದ ಮೇಲೆ.

ಒಂದು ಭಾನುವಾರದ ಮಧ್ಯಾಹ್ನ ಏಕಾಂತಯ್ಯ ಪ್ರೊಜೆಕ್ಟರನ್ನು ಆಟೋದಲ್ಲಿಟ್ಟುಕೊಂಡು ಸುದ್ದಗುಂಟೆಪಾಳ್ಯಕ್ಕೆ ಹೋದ. ರಾಗಿ ತುಂಬುವ ಕೋಣೆಯನ್ನು ಖಾಲಿ ಮಾಡಿ, ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದ್ದರು. ಗೋಡೆಗೆ ಬಿಳಿ ಪಂಚೆ. ಹೊಸ ದಂಪತಿಗಳು ಬಂದಿದ್ದರು. ಅವರ ಜೊತೆ ಚಲುವರಾಜುವಿನ ಸೋದರಮಾವ ಸಂಜೀವಯ್ಯನೂ ಉತ್ತರಹಳ್ಳಿಯಿಂದ ಬಂದಿದ್ದ. ಮೂವತ್ತು ಜನ ಉಸಿರಿಗೆ ಉಸಿರು ತಾಗುವಂತೆ ಕೂತಿದ್ದರು. ಎಲ್ಲರಿಗಿಂತ ಹಿಂದೆ, ಬಾಗಿಲಿಗೆ ಒರಗಿ, ಮುನಿಯಣ್ಣನ ತಂಗಿ ರುದ್ರಮ್ಮ.

ರುದ್ರಮ್ಮನಿಗೆ ಆಗ ನಲವತ್ತೈದು. ಒಂಬತ್ತು ವರ್ಷದವಳಿದ್ದಾಗ ಬಂದ ವಿಷಮಜ್ವರ ಅವಳ ಎರಡು ಕಿವಿಯನ್ನೂ ಕೊಂಡೊಯ್ದಿತ್ತು. ಮಾತು ಉಳಿದಿತ್ತು, ಆದರೆ ಏರಿಳಿತವಿಲ್ಲದ ದೊಡ್ಡ ದನಿಯ ಮಾತು. ಮದುವೆಯಾಗಲಿಲ್ಲ. ಎಮ್ಮೆ, ಹೂವಿನ ಮಡಿ, ಅಡುಗೆ ಒಲೆ ಇಷ್ಟೇ ಅವಳ ಜಗತ್ತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಮನೆಯವರಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಅದರಲ್ಲೊಂದು ಅಚ್ಚರಿ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಪಂಚೆಯ ಮೇಲೆ ಬೆಳಕು ಬಿತ್ತು. ಗಂಡಿನ ಕಡೆಯವರು ಬಸ್ಸಿನಿಂದ ಇಳಿದರು, ಪಾನಕ, ಕಾಫಿ ಆಯಿತು. ಎಲ್ಲರೂ ಸುಮ್ಮನೆ ನೋಡುತ್ತಿದ್ದಾಗ ರುದ್ರಮ್ಮ ಒಬ್ಬಳೇ ಕಿಸಕ್ಕನೆ ನಕ್ಕಳು.

"ಕಾಫಿಗೆ ಸಕ್ರೆ ಹಾಕಕ್ಕೂ ಗತಿಯಿಲ್ವಾ ಇವರಿಗೆ, ಅಂತಾವ್ನೆ" ಎಂದಳು ಗಟ್ಟಿಯಾಗಿ.

ಎಲ್ಲರೂ ತಿರುಗಿ ನೋಡಿದರು. ಪಂಚೆಯ ಮೇಲೆ ಲೋಟ ಹಿಡಿದು ಮುಖ ಕಿವುಚುತ್ತಿದ್ದವನು ಸಂಜೀವಯ್ಯ. ಕೋಣೆಯಲ್ಲಿದ್ದ ಸಂಜೀವಯ್ಯ ದಡಬಡಿಸಿ ಎದ್ದು ನಿಂತ.

"ಅಯ್ಯೋ ಶಿವನೇ! ಹಂಗೇ ಅಂದಿದ್ದೆ ಕಣಮ್ಮ! ಒಂದಕ್ಷರ ಆಚೆ ಈಚೆ ಇಲ್ಲ!"

ಕೋಣೆ ನಗೆಯಲ್ಲಿ ಒಡೆದುಹೋಯಿತು. ಮುನಿಯಣ್ಣನ ಹೆಂಡತಿ ಈಶ್ವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗದಿದ್ದವನು ಏಕಾಂತಯ್ಯ ಒಬ್ಬನೇ. ಅವನ ಕೈ ಪ್ರೊಜೆಕ್ಟರಿನ ಗುಂಡಿಯ ಮೇಲೆ ಹಾಗೇ ನಿಂತುಬಿಟ್ಟಿತ್ತು. ಆರು ವರ್ಷದಿಂದ ಮೂಕ, ಮೂಕ ಎಂದು ಕೊರಗಿದ್ದನಲ್ಲ, ಆ ಫಿಲ್ಮಿನೊಳಗೆ ಮಾತು ಕೂತಿತ್ತೇ?

"ಅಕ್ಕಾ, ಮುಂದಕ್ಕೆ ಬನ್ನಿ" ಎಂದು ಅವನು ಬೆಳಕಿನಲ್ಲಿ ಮುಖವಿಟ್ಟು ಹೇಳಿದ. ಜನ ಸರಿದು ದಾರಿ ಬಿಟ್ಟರು. ರುದ್ರಮ್ಮ ಬಂದು ಎಲ್ಲರ ಮುಂದೆ, ಪಂಚೆಗೆ ಎರಡು ಮಾರು ದೂರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಅವಳು ಎಲ್ಲವನ್ನೂ ಹೇಳಲಿಲ್ಲ. ಕೆಲವರು ಬೆನ್ನು ತಿರುಗಿಸಿರುತ್ತಿದ್ದರು, ಕೆಲವರ ಮೀಸೆ ಅಡ್ಡ ಬರುತ್ತಿತ್ತು. "ಇವ್ನ್ ಬಾಯಾಗೆ ಎಲೆ ಅಡಿಕೆ ಐತೆ, ಏನೂ ತಿಳಿಯಾಕಿಲ್ಲ" ಎನ್ನುತ್ತಿದ್ದಳು. ಹಸೆಯ ಮೇಲೆ ಕೂತ ಚಲುವರಾಜು ಪಕ್ಕಕ್ಕೆ ವಾಲಿ ಏನೋ ಅಂದ. "ಕಾಲು ಜೋಮು ಹಿಡೀತಾ, ಅಂತ ಕೇಳ್ತಾವ್ನೆ" ಎಂದಳು. ನಾಗಲಕ್ಷ್ಮಿ ನಾಚಿ ಮಂಡಿಯ ನಡುವೆ ಮುಖ ಹುದುಗಿಸಿದಳು.

ಆಮೇಲೆ ಬಿಸಿಲ ಕೋಲು ಕಾಣಿಸಿತು. ಅದರೊಳಗೆ ಚಿನ್ನಪ್ಪ ನಡೆದುಬಂದ.

ತಾವೇ ಹೆಗಲು ಕೊಟ್ಟು ಸಾಗಿಸಿದ ಮನುಷ್ಯ ಹಾಲಿನ ಗಿಂಡಿ ಹಿಡಿದು, ಕೈ ಸ್ವಲ್ಪ ನಡುಗಿಸುತ್ತ, ರುಮಾಲು ಸರಿಮಾಡಿಕೊಳ್ಳುತ್ತ ಎದುರಿಗೆ ನಿಂತಿದ್ದ. ಮುನಿಯಣ್ಣ ತನಗರಿವಿಲ್ಲದೆ ಎದ್ದು ಕೈಮುಗಿದ. ಹಿಂದಿನಿಂದ ಯಾರೋ ಬಿಕ್ಕಿದರು. ಮುದುಕ ಮೊಮ್ಮಗಳ ಕಿವಿಯ ಕಡೆ ಬಗ್ಗಿದ, ತುಟಿಯಾಡಿತು, ಚಿತ್ರ ಅಲ್ಲಿಗೇ ಮುಗಿದುಹೋಯಿತು.

"ತಾತ ಏನೋ ಅಂದ್ರು" ಅಂದಳು ನಾಗಲಕ್ಷ್ಮಿ. "ವಾಲಗದಲ್ಲಿ ಕೇಳಿಸ್ಲಿಲ್ಲ. ಆಮೇಲೆ ಕೇಳಾನ ಅಂದ್ಕೊಂಡೆ. ಕೇಳ್ಲೇ ಇಲ್ಲ."

ರುದ್ರಮ್ಮನಿಗೆ ಅವಳ ಮಾತು ಕಾಣಿಸಿರಲಿಲ್ಲ. ಆದರೆ ಅವಳು ಏಕಾಂತಯ್ಯನ ಕಡೆ ತಿರುಗಿ, "ಇನ್ನೊಂದ್ ಕಿತ ಬಿಡಿ ಅಯ್ನೋರೆ" ಅಂದಳು.

ನಿಲ್ಲಿಸಿ ತೋರಿಸುವ ಹಾಗಿರಲಿಲ್ಲ. ಚಿತ್ರವನ್ನು ಒಂದೇ ಕಡೆ ನಿಲ್ಲಿಸಿದರೆ ದೀಪದ ಕಾವಿಗೆ ಫಿಲ್ಮು ಗುಳ್ಳೆಯೆದ್ದು ಸುಟ್ಟುಹೋಗುತ್ತಿತ್ತು. ಏಕಾಂತಯ್ಯ ಕೈಯಲ್ಲಿ ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ರುದ್ರಮ್ಮ ಎದ್ದು ಪಂಚೆಯ ಪಕ್ಕದಲ್ಲೇ ನಿಂತಳು. ಅಪ್ಪನ ಮುಖ ಅವಳ ಮುಖದಷ್ಟೇ ಎತ್ತರದಲ್ಲಿತ್ತು. ಮೂರನೇ ಸಲ ಬಿಟ್ಟಾಗ ಮುದುಕನ ತುಟಿಯ ಜೊತೆಗೆ ಅವಳ ತುಟಿಯೂ ಅಲುಗಿತು.

ಅವಳು ನಾಗಲಕ್ಷ್ಮಿಯ ಎದುರಿಗೆ ಬಂದು ಕೂತಳು.

"ಹೆದರ್ಬೇಡ ಕೂಸೆ, ಅಂತಾವ್ನೆ ಅಪ್ಪ. ನಿಮ್ಮಜ್ಜಿ ಬಂದ ಹೊಸ್ದ್ರಲ್ಲಿ ಮೂರ್ ದಿನ ನನ್ತಾವ ಮಾತಾಡ್ಲಿಲ್ಲ. ಆಮ್ಯಾಕೆ ನಲವತ್ ವರ್ಷ ನಿಲ್ಲಿಸ್ಲಿಲ್ಲ. ಹಂಗಂತಾವ್ನೆ."

ನಾಗಲಕ್ಷ್ಮಿ ನಕ್ಕಳು. ನಗುತ್ತ ನಗುತ್ತಲೇ ಅತ್ತೆಯ ಹೆಗಲ ಮೇಲೆ ಬಿದ್ದು ಜೋರಾಗಿ ಅತ್ತಳು. ಆ ಚಪ್ಪರದಲ್ಲಿ ನಾನೂರು ಜೋಡಿ ಕಿವಿಗಳಿದ್ದವು. ಒಂದಕ್ಕೂ ಬೀಳದ ಮಾತು ಅದು.

"ಅವತ್ತು ಧಾರೇಲಿ ನೀವೇ ಎದುರಿಗೆ ನಿಂತಿದ್ರೆ ಅವತ್ತೇ ತಿಳೀತಿತ್ತಲ್ಲ ಅಕ್ಕಾ" ಅಂದ ಏಕಾಂತಯ್ಯ.

"ನಾನು ಹಿತ್ಲಲ್ಲಿ ಅನ್ನ ಬಸೀತಿದ್ದೆ" ಅಂದಳು ರುದ್ರಮ್ಮ. ಮದುವೆಯಾಗದ ಹೆಂಗಸು ಧಾರೆಯ ಹೊತ್ತಿಗೆ ಎದುರಿಗಿರುವುದು ಬೇಡ ಎಂದು ಯಾರು ಹೇಳಿದ್ದರೋ. ಈಶ್ವರಮ್ಮ ತಲೆ ತಗ್ಗಿಸಿದಳು.

ಏಕಾಂತಯ್ಯನಿಗೆ ಆ ವಾರವಿಡೀ ಬೇರೆ ಯೋಚನೆಯೇ ಬರಲಿಲ್ಲ. ತಂಗಿಯ ಮದುವೆಯ ರೀಲಿನಲ್ಲಿ ಒಂದು ಕಡೆ ಅವನ ತಾಯಿ ನೇರ ಕ್ಯಾಮೆರಾ ನೋಡಿ ನಾಲ್ಕು ಮಾತು ಆಡಿದ್ದಳು. ಏನಂದಳೆಂದು ಕೇಳುವಷ್ಟರಲ್ಲಿ ತಾಯಿಯೂ ಹೋಗಿದ್ದಳು. ಹರಸಿರಬೇಕು, ಇಲ್ಲವೇ ಹೆಮ್ಮೆಯಿಂದ ಏನೋ ಅಂದಿರಬೇಕು ಎಂದು ಅವನು ಅಂದುಕೊಂಡಿದ್ದ. ಮುಂದಿನ ಭಾನುವಾರ ಆ ರೀಲು ಹಿಡಿದು ಮತ್ತೆ ಸುದ್ದಗುಂಟೆಪಾಳ್ಯಕ್ಕೆ ಹೋದ.

ರುದ್ರಮ್ಮ ಒಂದೇ ಸಲ ನೋಡಿ ನಕ್ಕಳು. "ಯಾರಿದು? ನಿಮ್ಮವ್ವಾರಾ? ಆಚೆಗೆ ಸರ್ಕೊಳೋ, ಅಡ್ಡ ನಿಂತಿದೀಯ, ನನ್ ಮಗಳ ಮುಖ ಕಾಣ್ತಿಲ್ಲ, ಅಂತಾವ್ರೆ."

ಏಕಾಂತಯ್ಯ ಬೆಪ್ಪಾಗಿ ಕೂತ. ಆಮೇಲೆ ಅವನಿಗೂ ನಗು ಬಂತು. ಆ ರಾತ್ರಿ ನೀಲಗಂಗಮ್ಮನಿಗೆ ಹೇಳಿದಾಗ ಅವಳು, "ಅತ್ತೆ ಹೇಳಿದ್ದು ಸರಿಯಾಗಿದೆ. ನೀವು ಎಲ್ಲಿ ಹೋದ್ರೂ ಅಡ್ಡಾನೇ" ಅಂದಳು. ಅಂದಿನಿಂದ ಅವನು ಯಾವ ಮದುವೆಗೆ ಹೋದರೂ ಮೊದಲು ಕೇಳುತ್ತಿದ್ದ ಮಾತು ಒಂದೇ: "ಹೆಣ್ಣಿನ ತಾಯಿ ಎಲ್ಲಿ ನಿಲ್ತಾರೆ?" ಆ ತಾಯಿಗೂ ಮಗಳಿಗೂ ನಡುವೆ ಅವನು ಮತ್ತೆಂದೂ ನಿಲ್ಲಲಿಲ್ಲ.

ಸುದ್ದಿ ಹಬ್ಬದೆ ಇರುತ್ತದೆಯೇ? ಮಳೆಗಾಲ ಕಳೆಯುವಷ್ಟರಲ್ಲಿ ಜಯನಗರದ ಬಟ್ಟೆ ವ್ಯಾಪಾರಿ ಜಯದೇವಪ್ಪ ಸ್ಟುಡಿಯೋ ಬಾಗಿಲಿಗೆ ಬಂದ. ಹಿಂದಿನ ವರ್ಷ ಅವನ ಮಗನ ಮದುವೆಯನ್ನು ಏಕಾಂತಯ್ಯನೇ ತೆಗೆದಿದ್ದ. ಈಗ ಸೊಸೆ ಸರ್ವಮಂಗಳಾ ಮುನಿಸಿಕೊಂಡು ತವರಿಗೆ ಹೋಗಿದ್ದಳು.

"ಹಸೆಮಣೆ ಮೇಲೆ ಕೂತಾಗ ಗೆಳತಿ ಹತ್ರ ಅವಳೇನೋ ಪಿಸುಗುಟ್ಟಿದ್ಲು. ಅದೇನು ಅಂತ ನಂಗೆ ಗೊತ್ತಾಗ್ಬೇಕು" ಅಂದ ಜಯದೇವಪ್ಪ. "ಮನಸ್ಸಿಲ್ಲದೆ ಮದುವೆ ಆಗಿದ್ರೆ ಇವತ್ತೇ ತಿಳಿದುಹೋಗ್ಲಿ."

ಏಕಾಂತಯ್ಯನಿಗೆ ಮನಸ್ಸಿರಲಿಲ್ಲ. ಆದರೆ ರೀಲು ಅವರದು, ಇಲ್ಲವೆನ್ನಲು ಬಾಯಿ ಬರಲಿಲ್ಲ. ಗೋಣಿಚೀಲ ಕಟ್ಟಿದ ಅದೇ ಕೋಣೆಯಲ್ಲಿ ಚಿತ್ರ ಓಡಿತು. ಸರ್ವಮಂಗಳಾ ಗೆಳತಿಯ ಕಡೆ ತಿರುಗಿದಳು. ಬಿಸಿಲು ನೇರ ಅವಳ ಬಾಯಿಯ ಮೇಲಿತ್ತು. ಏಕಾಂತಯ್ಯ ತಾನು ತೆಗೆದ ಅಷ್ಟೂ ಮದುವೆಗಳಲ್ಲಿ ಅಷ್ಟು ಸ್ಪಷ್ಟವಾದ ಮುಖವನ್ನು ಹಿಡಿದಿರಲಿಲ್ಲ. ರುದ್ರಮ್ಮ ನೋಡಿದಳು. ಇನ್ನೊಮ್ಮೆ ಕೇಳಲೂ ಇಲ್ಲ.

"ಬಾಯಿಗೆ ಸೆರಗು ಅಡ್ಡ ಬಂದೈತೆ" ಅಂದಳು. "ನಂಗೇನೂ ಕಾಣಾಕಿಲ್ಲ."

"ಸೆರಗು ಎಲ್ಲಮ್ಮ ಇದೆ?" ಜಯದೇವಪ್ಪ ಕೇಳಿದ.

"ನಂಗೆ ಕಾಣ್ತೈತೆ" ಅಂದಳು ರುದ್ರಮ್ಮ, ಅದೇ ಏರಿಳಿತವಿಲ್ಲದ ದನಿಯಲ್ಲಿ, ಎಮ್ಮೆಗೆ ನೀರಿಡಲು ಎದ್ದುಹೋದಳು.

ಜಯದೇವಪ್ಪ ಗೊಣಗುತ್ತ ಹೊರಟ ಮೇಲೆ ಏಕಾಂತಯ್ಯ ಕೊಟ್ಟಿಗೆಗೆ ಹೋಗಿ ಅವಳ ಎದುರು ನಿಂತ. "ಏನಂದ್ಲು ಅಕ್ಕಾ ಆ ಹುಡುಗಿ?"

"ನಿಮ್ ಡಬ್ಬ ಸಿಕ್ಕಿದ್ದೆಲ್ಲ ಹಿಡ್ಕೊಂತೈತೆ ಅಯ್ನೋರೆ. ಅದ್ಕೆ ಬುದ್ಧಿಯಿಲ್ಲ" ಅಂದಳು. "ಹುಡುಗೀರು ಹಸೆ ಮ್ಯಾಲೆ ಕೂತಾಗ ಸಾವಿರ ಅಂತಾರೆ. ಅದ್ನೆಲ್ಲ ಆಮ್ಯಾಕೆ ಅವರ ತಲೆ ಮ್ಯಾಲೆ ಹೊರಿಸ್ತಾರಾ?"

ಅವಳು ಅದನ್ನು ಯಾವತ್ತೂ ಹೇಳಲಿಲ್ಲ. ದೀಪಾವಳಿಗೆ ಸರ್ವಮಂಗಳಾ ಗಂಡನ ಮನೆಗೆ ಹಿಂತಿರುಗಿದಳೆಂದು ಮುಂದೆ ತಿಳಿಯಿತು. ಏಕಾಂತಯ್ಯನಿಗೆ ಬಹುದಿನ ಕಾಡಿದ್ದು ಆ ಹುಡುಗಿಯ ಮಾತಲ್ಲ. ಓದುಬರಹವಿಲ್ಲದ, ಹಿತ್ತಿಲು ಬಿಟ್ಟು ಹೊರಬರದ ಈ ಹೆಂಗಸು ಒಂದು ಕ್ಷಣದಲ್ಲಿ ಕಂಡದ್ದನ್ನು ಅದೇ ಕ್ಷಣದಲ್ಲಿ ತೂಗಿ, ಹೂಳಿಬಿಟ್ಟಿದ್ದಳು. ತನ್ನ ಕ್ಯಾಮೆರಾಕ್ಕೆ ಅದು ಬರುವುದಿಲ್ಲ. ತನಗೂ ಬರುತ್ತದೆಯೋ ಇಲ್ಲವೋ ಎಂದು ಅವನಿಗೆ ಅನುಮಾನವಾಯಿತು.

ಮಾರನೇ ವರ್ಷ ಅವನು ಮುನಿಯಣ್ಣನನ್ನು ಕೇಳಿದ. "ನಿಮ್ಮ ತಂಗೀನ ಮದುವೆಗಳಿಗೆ ನನ್ನ ಜೊತೆ ಕಳಿಸ್ತೀರಾ? ನೀಲಗಂಗಾನೂ ಇರ್ತಾಳೆ."

ಮುನಿಯಣ್ಣ ಹಿಂದೆಮುಂದೆ ನೋಡಿದ. "ಜನ ಏನಂತಾರೆ ಅಯ್ನೋರೆ?"

ಅಷ್ಟರಲ್ಲಿ ಈಶ್ವರಮ್ಮ ಒಳಗಿನಿಂದ, "ಹೋಗ್ಲಿ ಬಿಡಿ. ಇಷ್ಟ್ ವರ್ಷ ಹಿತ್ಲಲ್ಲಿ ಕೂರ್ಸಿದ್ದು ಸಾಕು" ಅಂದಳು. ಆ ಮನೆಯಲ್ಲಿ ಮತ್ತೆ ಆ ಪ್ರಶ್ನೆ ಏಳಲಿಲ್ಲ.

ಹೀಗೆ ಏಳೆಂಟು ವರ್ಷ, ದಕ್ಷಿಣ ಬೆಂಗಳೂರಿನ ನೂರಾರು ಮದುವೆಗಳಲ್ಲಿ, ಬಾಗಿದ ಬೆನ್ನಿನ ಏಕಾಂತಯ್ಯನ ಎಡಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಎತ್ತರದ ಹೆಂಗಸೊಬ್ಬಳು ನಿಂತಿರುತ್ತಿದ್ದಳು. ವಾಲಗ, ಮೈಕು, ಮಕ್ಕಳ ಅಳು, ಅಡುಗೆಯವರ ಕೂಗಾಟ ಯಾವುದೂ ಅವಳನ್ನು ಮುಟ್ಟುತ್ತಿರಲಿಲ್ಲ. ಆ ಗದ್ದಲದ ನಡುವೆ ಒಂದು ಕೆರೆಯ ದಂಡೆಯಲ್ಲಿ ನಿಂತವಳಂತೆ ಅವಳು ಮುಖಗಳನ್ನು ನೋಡುತ್ತಿದ್ದಳು. ಯಾರೋ ಏನೋ ಹೇಳಲಿದ್ದಾರೆ ಎಂಬುದು ಅವರು ಬಾಯಿ ತೆರೆಯುವ ಮುಂಚೆಯೇ ಅವಳಿಗೆ ಗೊತ್ತಾಗುತ್ತಿತ್ತು. ಏಕಾಂತಯ್ಯನ ಹೆಗಲ ಮೇಲೆ ಎರಡು ಬೆರಳು ಬೀಳುತ್ತಿದ್ದವು. ಅವಳು ತೋರಿದ ಕಡೆ ಅವನು ತಿರುಗುತ್ತಿದ್ದ. ಅಲ್ಲಿ, ಕಂಬದ ಮರೆಯಲ್ಲಿ, ಯಾರೂ ಗಮನಿಸದ ಒಬ್ಬ ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಿರುತ್ತಿದ್ದ. ಇಲ್ಲವೇ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು, ಒಬ್ಬ ಇನ್ನೊಬ್ಬನಿಗೆ ಉಪ್ಪು ಸರಿಸುತ್ತಿರುತ್ತಿದ್ದ. ಎಷ್ಟು ಸಲ ನೋಡಿದರೂ ಏಕಾಂತಯ್ಯನಿಗೆ ಅದು ಹಳತಾಗಲಿಲ್ಲ.

ಎಂಬತ್ತೈದರ ಹೊತ್ತಿಗೆ ವಿಡಿಯೋ ಬಂತು. ಏಕಾಂತಯ್ಯನೂ ಹೆಗಲ ಮೇಲೆ ಹೊರುವ ಕ್ಯಾಮೆರಾ ಬಾಡಿಗೆಗೆ ತಂದ. ಮೂರು ಗಂಟೆಯ ಕ್ಯಾಸೆಟ್, ಬೊಂಬಾಯಿಗೆ ಕಳಿಸುವ ಗೋಜಿಲ್ಲ, ಜೊತೆಗೆ ಸದ್ದೂ ಬರುತ್ತಿತ್ತು. ಮೊದಲ ಕ್ಯಾಸೆಟ್ಟನ್ನು ಟೀವಿಯಲ್ಲಿ ಹಾಕಿ ನೋಡುವಾಗ ರುದ್ರಮ್ಮ ಕೇಳಿದಳು, "ಈಗ ನಿಮ್ಗೆಲ್ಲ ಅವರ ಮಾತು ಕೇಳಿಸ್ತದಾ ಅಯ್ನೋರೆ?"

ಏಕಾಂತಯ್ಯ ಕಿವಿಗೊಟ್ಟ. ಡೋಲು, ನಾಗಸ್ವರ, ಜನರೇಟರಿನ ಗುಡುಗು.

"ಇಲ್ಲ ಅಕ್ಕಾ" ಅಂದ. "ಏನೂ ಕೇಳಿಸ್ತಿಲ್ಲ."

ಎಂಬತ್ತೇಳರ ಮಾಘದಲ್ಲಿ ಸಿದ್ದಲಿಂಗಯ್ಯ ಎಂಬುವರು ಮನೆಗೆ ಬಂದರು. ಬನಶಂಕರಿ ಎರಡನೇ ಹಂತದ ಛತ್ರದಲ್ಲಿ ಮಗಳು ಗಿರಿಜೆಯ ಮದುವೆ. ಸ್ವಲ್ಪ ಹಿಂಜರಿಯುತ್ತಲೇ ಹೇಳಿದರು: "ನಮ್ಮ ಹುಡುಗೀಗೆ ಕಿವಿ ಕೇಳಲ್ಲ ಸಾರ್, ಮಾತೂ ಬರಲ್ಲ. ಗಂಡಿಗೂ ಅಷ್ಟೇ. ಇಬ್ರೂ ಒಂದೇ ಬುಕ್ ಬೈಂಡಿಂಗ್ ಶಾಪಲ್ಲಿ ಕೆಲಸ, ಅಲ್ಲೇ ಒಪ್ಕೊಂಡ್ರು. ವಾಲಗ ಇಟ್ಟಿದೀವಿ, ನೆಂಟರಿಗೋಸ್ಕರ."

ಮುಹೂರ್ತದ ದಿನ ಏಕಾಂತಯ್ಯ ಛತ್ರದ ಬಾಗಿಲಲ್ಲೇ ನಿಂತುಬಿಟ್ಟ. ಹೆಣ್ಣುಗಂಡಿನ ಸ್ನೇಹಿತರು ಊರಿನ ಮೂಲೆಮೂಲೆಯಿಂದ ಬಂದಿದ್ದರು, ಎಂಬತ್ತು ತೊಂಬತ್ತು ಜನ. ಛತ್ರದ ಎಡಭಾಗವೆಲ್ಲ ಅವರದೇ. ಆ ಭಾಗದಲ್ಲಿ ಗಾಳಿಯ ತುಂಬ ಕೈಗಳು. ಬೆರಳು ಕೂಡಿ, ಬಿಚ್ಚಿ, ಎದೆ ಮುಟ್ಟಿ, ಗಲ್ಲ ಸವರಿ, ಸಾಲು ದಾಟಿ ಸಾಲಿಗೆ ಮಾತು ಹಾರುತ್ತಿತ್ತು. ಇಪ್ಪತ್ತು ಅಡಿ ದೂರದಿಂದ ಒಬ್ಬ ಚಟಾಕಿ ಹಾರಿಸಿದರೆ ಇಡೀ ಸಾಲು ಹೊಟ್ಟೆ ಹಿಡಿದು ನಗುತ್ತಿತ್ತು. ವಾಲಗ ಎಷ್ಟು ಜೋರಾದರೂ ಅವರ ಒಂದು ಮಾತೂ ಮುಳುಗುತ್ತಿರಲಿಲ್ಲ.

ಅವನು ರುದ್ರಮ್ಮನ ಕಡೆ ನೋಡಿದ. ಆಕೆ ಕಂಬ ಹಿಡಿದುಕೊಂಡು ನಿಂತಿದ್ದಳು. ಎಷ್ಟು ನೋಡಿದರೂ ಅವಳಿಗೆ ಓದಲು ತುಟಿಗಳೇ ಸಿಕ್ಕುತ್ತಿರಲಿಲ್ಲ. ಐವತ್ತನಾಲ್ಕು ವರ್ಷದಲ್ಲಿ ತನ್ನಂಥವರು ಇಷ್ಟು ಜನ ಒಂದೇ ಕಡೆ ಸೇರಿದ್ದನ್ನು ಅವಳು ಕಂಡಿದ್ದು ಅದೇ ಮೊದಲು. ಅವರ ಮಾತು ಮಾತ್ರ ಅವಳಿಗೆ ಬರುತ್ತಿರಲಿಲ್ಲ.

"ಇವರೆಲ್ಲಾ..." ಅಂದಳು.

ಮುಹೂರ್ತ ಬಂತು. ಪುರೋಹಿತರು ಬೆರಳೆತ್ತಿ ಗಟ್ಟಿಮೇಳ ಎಂದು ಕೂಗಿದರು. ಗಂಡು ಅವರ ಕಡೆ ನೋಡಲೇ ಇಲ್ಲ. ಎದುರಿಗೆ ಕುರ್ಚಿಯ ಮೇಲೆ ಹತ್ತಿನಿಂತಿದ್ದ ಗೆಳೆಯನ ಕೈಯನ್ನೇ ನೋಡುತ್ತಿದ್ದ. ಆ ಕೈ ಕೆಳಗಿಳಿಯಿತು. ಗಂಡು ತಾಳಿ ಕಟ್ಟಿದ. ಎಡಭಾಗದ ಅಷ್ಟೂ ಕೈಗಳು ಒಮ್ಮೆಲೇ ಮೇಲೆದ್ದವು. ಅಕ್ಷತೆ ಹಾರಿತು, ಮತ್ತೆ ಅಷ್ಟೂ ಕೈಗಳು ಮಾತಾಡತೊಡಗಿದವು. ಗಿರಿಜೆ ತಲೆಯೆತ್ತಿ, ಅರಿಸಿನ ಹತ್ತಿದ ತನ್ನ ಎರಡೂ ಕೈಯಿಂದ ಗಂಡನಿಗೆ ಏನೋ ಹೇಳಿದಳು. ಅವನೂ ಹೇಳಿದ. ನಾಚಿಕೆಯಿಲ್ಲದೆ, ಅವಸರವಿಲ್ಲದೆ, ಐನೂರು ಜನರ ಎದುರು ಅವರಿಬ್ಬರೂ ಮಾತಾಡಿಕೊಂಡರು. ಏಕಾಂತಯ್ಯ ಎಷ್ಟೋ ಮದುವೆ ತೆಗೆದಿದ್ದ, ಆ ಗಳಿಗೆಯಲ್ಲಿ ಹೆಣ್ಣುಗಂಡು ಮಾತಾಡಿದ್ದನ್ನು ಕಂಡಿರಲಿಲ್ಲ. ಅವನು ಕಣ್ಣನ್ನು ಕ್ಯಾಮೆರಾದಿಂದ ತೆಗೆದ. ಕ್ಯಾಸೆಟ್ಟಿನಲ್ಲಿ ಆ ಭಾಗ ಈಗಲೂ ಸ್ವಲ್ಪ ವಾರೆಯಾಗಿಯೇ ಇದೆ.

ಊಟದ ಹೊತ್ತಿಗೆ ನರೆಗೂದಲಿನ ಹೆಂಗಸೊಬ್ಬಳು ಬಂದು ರುದ್ರಮ್ಮನ ಮೊಣಕೈ ಮುಟ್ಟಿದಳು. ತನ್ನ ಕಿವಿ ತೋರಿಸಿ ಕೈಯಾಡಿಸಿದಳು. ನಿನಗೂ? ಎಂಬಂತೆ ನೋಡಿದಳು. ರುದ್ರಮ್ಮ ತಲೆಯಾಡಿಸಿದಳು. ಆ ಹೆಂಗಸು ಹಸೆಯ ಕಡೆ ಬೆರಳು ತೋರಿಸಿ, ತನ್ನ ಎರಡು ಕೈಯನ್ನೂ ಒಂದರಲ್ಲೊಂದು ಸೇರಿಸಿ ಹಿಡಿದಳು. ಮದುವೆ. ರುದ್ರಮ್ಮ ನಿಧಾನಕ್ಕೆ ತನ್ನ ಕೈ ಎತ್ತಿದಳು. ಸಗಣಿ, ಒಲೆ, ಹೂವಿನ ಮಡಿಯಲ್ಲಿ ಸವೆದು ಒರಟಾದ ಕೈಗಳು ಅವು. ಒಂದನ್ನೊಂದು ಹಿಡಿದವು. ಆ ಹೆಂಗಸು ಅವಳ ಬೆರಳನ್ನು ಸ್ವಲ್ಪ ತಿದ್ದಿದಳು, ಮತ್ತೆ ಮಾಡಿಸಿದಳು, ನಕ್ಕಳು.

ಅವಳ ಹೆಸರು ಮಂಗಮ್ಮ ಎಂದು ಸಿದ್ದಲಿಂಗಯ್ಯ ಹೇಳಿದರು. ಪ್ರತಿ ಭಾನುವಾರ ಅವರೆಲ್ಲ ಒಂದು ಕಡೆ ಸೇರುತ್ತಿದ್ದರಂತೆ.

ಆಮೇಲೆ ಭಾನುವಾರದ ಮದುವೆಗಳಿಗೆ ರುದ್ರಮ್ಮ ಬರುವುದನ್ನು ಬಿಟ್ಟಳು. ಏಕಾಂತಯ್ಯ ಬೇಸರಪಟ್ಟುಕೊಳ್ಳಲಿಲ್ಲ. ಅವಳು ಇಲ್ಲದ ದಿನ ತಾನೇ ಕಂಬದ ಮರೆಗಳ ಕಡೆ ತಿರುಗಿ ನೋಡುವುದನ್ನು ಕಲಿತ.

ಎಂಬತ್ತೊಂಬತ್ತರಲ್ಲೊಂದು ಸಂಜೆ ಅವನು ಬನಶಂಕರಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ, ಎದುರಿನ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತಿದ್ದರು. ನಡುವೆ ಇಳಕಲ್ ಸೀರೆ. ರುದ್ರಮ್ಮನ ಕೈಗಳು ಹಾರುತ್ತಿದ್ದವು. ಅವಳು ಏನೋ ದೊಡ್ಡ ಕಥೆ ಹೇಳುತ್ತಿದ್ದಳು. ಹುಬ್ಬು ಏರುತ್ತಿತ್ತು, ಹೆಗಲು ಕುಣಿಯುತ್ತಿತ್ತು, ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ದೊಡ್ಡ ಬೋಳು ದನಿಯಲ್ಲಿ ಎಂದೂ ಇರದಿದ್ದ ಏರಿಳಿತವೆಲ್ಲ ಅವಳ ಬೆರಳುಗಳಲ್ಲಿತ್ತು.

ಮುಖ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದ ಏಕಾಂತಯ್ಯನಿಗೆ ಅದರಲ್ಲಿ ಒಂದು ಮಾತೂ ತಿಳಿಯಲಿಲ್ಲ. ಜಯನಗರದ ಎರಡು ಬಸ್ಸು ಬಂದುಹೋದವು. ಅವನು ಹತ್ತಲಿಲ್ಲ.